ಉಸಿರಣ್ಣನ ಗುಡ್ಡ

ದೂರದ ಬೆಟ್ಟ ನುಣ್ಣಗೆ ಎಂದು ಗಾದೆ ಕಟ್ಟಿದ ಮಹಾನುಭಾವನ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ. ಇದ್ದಿದ್ದರೆ, ಹತ್ತಿರದ ಗುಡ್ಡವೂ ನುಣ್ಣಗೇ ಕಾಣುತ್ತದೆ, ಬೆಳಕು ಮಾತ್ರ ಸರಿಯಾಗಿ ಬೀಳಬೇಕು ಎಂದು ತಿದ್ದಿ ಹೇಳುತ್ತಿದ್ದ. ಈ ತಿದ್ದುಪಡಿ ಉಸಿರಣ್ಣನದು. ಅದನ್ನು ಕಂಡುಕೊಳ್ಳಲು ಅವನಿಗೂ ಇಪ್ಪತ್ತೆರಡು ವರ್ಷ ಹಿಡಿಯಿತು.

ಉಸಿರಣ್ಣ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ದಿನಕ್ಕೆ ಐವತ್ತು ಅರವತ್ತು ಸಲ "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಅಲ್ಲಾಡಬೇಡಿ, ಹಾಂ, ಬಿಡಿ" ಎಂದು ಹೇಳಿ ಸಂಪಾದಿಸಿದ ಬಿರುದು. ವಾರದ ಆರು ದಿನ ಮನುಷ್ಯರ ಒಳಗಿನ ಚಿತ್ರ ತೆಗೆಯುವ ಈ ಪುಣ್ಯಾತ್ಮನಿಗೆ ಏಳನೆಯ ದಿನ ಮನುಷ್ಯರೇ ಇಲ್ಲದ ಚಿತ್ರ ತೆಗೆಯುವ ಹುಚ್ಚು. ಭಾನುವಾರ ಕತ್ತಲಿರುವಾಗಲೇ ಎದ್ದು, ಕ್ಯಾಮೆರಾದ ಮುಕ್ಕಾಲಿಯನ್ನು ಹೆಗಲಿಗೇರಿಸಿ, ಬಸ್ಸು ಹಿಡಿದು ಯಾವುದೋ ಬೆಟ್ಟ, ಯಾವುದೋ ಕೆರೆ ಹುಡುಕಿಕೊಂಡು ಹೋಗುತ್ತಿದ್ದ. ಬೆಟ್ಟಕ್ಕೆ ಉಸಿರು ಹಿಡಿಯಲು ಹೇಳಬೇಕಾಗಿಲ್ಲ, ಅದೇ ಅವನಿಗೆ ದೊಡ್ಡ ನೆಮ್ಮದಿ.

ಹೀಗೆ ನಾಲ್ಕು ಸಾವಿರ ಚಿತ್ರಗಳಾದವು. ಒಂದೂ ಗೋಡೆ ಹತ್ತಿರಲಿಲ್ಲ. ಮನೆಯ ಗೋಡೆಗಳೆಲ್ಲ ಹೆಂಡತಿಯ ಕಡೆಯ ನೆಂಟರ ಮುಖಗಳಿಂದ ತುಂಬಿಹೋಗಿದ್ದವು. "ಬೆಟ್ಟ ಎಲ್ಲೂ ಹೋಗಲ್ಲ, ಬೇಕಾದಾಗ ನೋಡಬಹುದು. ಚಿಕ್ಕಮ್ಮ ಹಾಗಲ್ಲ" ಎನ್ನುವುದು ಅವಳ ವಾದ. ಚಿಕ್ಕಮ್ಮ ತಿಂಗಳಿಗೆರಡು ಸಲ ಖುದ್ದಾಗಿ ಬಂದು ಹೋಗುತ್ತಿದ್ದರಿಂದ ಆ ವಾದ ಉಸಿರಣ್ಣನಿಗೆ ಅಷ್ಟಾಗಿ ಒಪ್ಪಿಗೆಯಾಗಿರಲಿಲ್ಲ.

ಇಂಥ ಸಮಯದಲ್ಲಿ ಆಸ್ಪತ್ರೆಯ ದೊಡ್ಡ ಡಾಕ್ಟರಮ್ಮ ಅವನನ್ನು ಕರೆಸಿದರು. ರೋಗಿಗಳು ಕಾಯುವ ಹೊಸ ಹಜಾರ ಸಿದ್ಧವಾಗಿತ್ತು. ಎದುರುಗೋಡೆಯಲ್ಲಿ ಆಳೆತ್ತರದ ಒಂದು ಖಾಲಿ ಚೌಕಟ್ಟು. ಅದರಲ್ಲಿ ನಮ್ಮೂರ ಗುಡ್ಡವೇ ಇರಬೇಕು, ಕಾದು ಕೂತವರಿಗೆ ಗುರುತಿನವರನ್ನು ಕಂಡ ಹಾಗಾಗಬೇಕು ಎಂದರು. ನಾಳೆ ಬೆಳಿಗ್ಗೆ ರೌಂಡ್ಸಿಗೆ ಬಂದಾಗ ತೋರಿಸಬೇಕು, ಮೂರು ಗಂಟೆಯೊಳಗೆ ಅಚ್ಚಾಗಿ ಬರಬೇಕು. ಇಲ್ಲವಾದರೆ ಔಷಧಿ ಕಂಪನಿಯವರು ಕೊಟ್ಟ ಮೂತ್ರಪಿಂಡದ ಚಿತ್ರ ಹೇಗೂ ಇದ್ದೇ ಇದೆ.

ಉಸಿರಣ್ಣನಿಗೆ ಸ್ವರ್ಗಕ್ಕೆ ಮೂರೇ ಗೇಣು. ಮನೆಗೆ ಬಂದು ನಾಲ್ಕು ಸಾವಿರವನ್ನೂ ಜಾಲಾಡಿದ. ಊರೂರು ಅಲೆದು ತೆಗೆದ ಬೆಟ್ಟಗಳಿದ್ದವು, ಸ್ವಂತ ಊರಿನ ಗುಡ್ಡ ಒಂದೂ ಇರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ. ದಿನಾ ಹಲ್ಲುಜ್ಜುವಾಗ ಕಿಟಕಿಯಲ್ಲಿ ಕಾಣುವ ಗುಡ್ಡಕ್ಕೆ ಅವನು ಒಮ್ಮೆಯೂ ಕ್ಯಾಮೆರಾ ಹಿಡಿದಿರಲಿಲ್ಲ. ಉಳಿದಿದ್ದು ಒಂದೇ ಬೆಳಗು.

ಗುಡ್ಡ ಪೂರ್ತಿ ಕಾಣುವುದು ಅವರ ಕಟ್ಟಡದ ತಾರಸಿಯಿಂದ. ತಾರಸಿಯ ಕೀಲಿ ಕೆಳಮನೆಯ ನಿವೃತ್ತ ಪೋಸ್ಟ್‌ಮಾಸ್ಟರರ ಬಳಿ. ಅವರನ್ನು ಎಲ್ಲರೂ ಕೀಲಿಮಾವ ಎನ್ನುತ್ತಿದ್ದರು. ಕಾರಣ ಕೇಳದೆ ಕೀಲಿ ಕೊಡುವ ಪೈಕಿ ಅವರಲ್ಲ, ಕಾರಣ ಕೇಳಿದ ಮೇಲೆ ಜೊತೆಗೆ ಬಾರದೆ ಇರುವ ಪೈಕಿಯೂ ಅಲ್ಲ. ಬೆಳಿಗ್ಗೆ ಐದೂಮುಕ್ಕಾಲಿಗೆ ಉಸಿರಣ್ಣ ಮೇಲೆ ಹತ್ತಿದರೆ ತಾರಸಿಯ ಮೇಲೆ ಆಗಲೇ ಹನ್ನೊಂದು ಜನ. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ. ಮುಂದಿನ ಸಾಲಿನವರು ಕುರ್ಚಿ ಹಾಕಿಕೊಂಡು, ಸರಿಯಾಗಿ ಗುಡ್ಡಕ್ಕೆ ಬೆನ್ನು ಮಾಡಿ ಕುಳಿತಿದ್ದರು.

ತನಗೆ ಬೇಕಾದದ್ದು ಬರೀ ಗುಡ್ಡ ಎಂದು ಉಸಿರಣ್ಣ ತಿಳಿಹೇಳಿದ. ಕೀಲಿಮಾವನಿಗೆ ನಿಜಕ್ಕೂ ನೋವಾಯಿತು. "ಅಲ್ಲಪ್ಪಾ, ಗುಡ್ಡಕ್ಕೇನು ಗೊತ್ತಾಗತ್ತೆ ಫೋಟೋ ತೆಗೆದದ್ದು? ಇಷ್ಟು ಜನ ಸ್ನಾನ ಮಾಡ್ಕೊಂಡು ಬಂದಿದೀವಿ" ಎಂದರು.

ಆ ಸ್ನಾನಗಳ ಮುಂದೆ ಉಸಿರಣ್ಣನ ಮಾತು ನಡೆಯಲಿಲ್ಲ. ಗುಂಪಿನ ಚಿತ್ರ ತೆಗೆದ. ಮಾವ ಕಣ್ಣು ಮುಚ್ಚಿದ್ದರಿಂದ ಇನ್ನೊಂದು, ಮೇಲ್ಮನೆಯಾಕೆ ಕೆಳಗಿನಿಂದ ತಂಗಿಯನ್ನೂ ಕರೆತಂದದ್ದರಿಂದ ಮತ್ತೊಂದು. ಎಲ್ಲರೂ ಚದುರುವ ಹೊತ್ತಿಗೆ ಬೆಳಕು ಹರಿಯತೊಡಗಿತ್ತು. ಒಣಹಾಕಿದ ಎರಡು ಹೊದಿಕೆಗಳ ನಡುವೆ ಒಂದು ಮೊಳ ಸಂದು. ಅಲ್ಲಿಗೆ ಮುಕ್ಕಾಲಿ ತೂರಿಸಿ ಕಣ್ಣಿಟ್ಟ. ಗುಡ್ಡದ ಎಡಭುಜದಲ್ಲಿ ಸೂರ್ಯ ಆಗಷ್ಟೇ ಇಣುಕುತ್ತಿದ್ದ. ಬುಡದಲ್ಲಿ ಮಂಜು ಪದರ ಪದರವಾಗಿ ಮಲಗಿತ್ತು, ನಡುವಿನ ಕಾಲುದಾರಿ ಬೆಳ್ಳಗೆ ನೆತ್ತಿಯವರೆಗೆ ಹೋಗಿತ್ತು. ಉಸಿರಣ್ಣ ತಾನೇ ಉಸಿರು ಹಿಡಿದ. ಒಂದೇ ಒಂದು ಸಿಕ್ಕಿತು. ಮರುಕ್ಷಣ ಗಾಳಿ ಬೀಸಿ ಹೊದಿಕೆ ಮುಖಕ್ಕೆ ಬಡಿಯಿತು.

ಆ ಒಂದನ್ನು ಕ್ಯಾಮೆರಾದ ಪುಟ್ಟ ಪರದೆಯಲ್ಲಿ ನೋಡಿ ಅವನ ಕಣ್ಣು ತುಂಬಿ ಬಂತು. ಇಪ್ಪತ್ತೆರಡು ವರ್ಷ ಕಾದದ್ದಕ್ಕೆ ಗುಡ್ಡ ತಾನಾಗಿ ಮನೆಬಾಗಿಲಿಗೆ ಬಂದು ಕೊಟ್ಟಂತಿತ್ತು. ಗುಡ್ಡಕ್ಕೂ, ಸೂರ್ಯನಿಗೂ, ಕೀಲಿ ಕೊಟ್ಟ ಮಾವನಿಗೂ ಮನಸ್ಸಿನಲ್ಲೇ ಕೈಮುಗಿದ.

ಆಸ್ಪತ್ರೆಗೆ ಹೋದವನಿಗೆ ಒಂದು ಉಪಾಯ ಹೊಳೆಯಿತು. ಬೆಂಕಿಪೊಟ್ಟಣದಷ್ಟು ಪರದೆಯಲ್ಲಿ ಡಾಕ್ಟರಮ್ಮನಿಗೆ ಏನು ಕಾಣಬೇಕು? ತನ್ನ ಕೋಣೆಯಲ್ಲೇ ಎಕ್ಸ್‌ರೇ ಫಿಲ್ಮ್ ಅಚ್ಚು ಹಾಕುವ ಯಂತ್ರವಿದೆ, ಅದನ್ನು ಸಿಕ್ಕಿಸಿ ನೋಡುವ ದೀಪದ ಪೆಟ್ಟಿಗೆಯಿದೆ. ಚಿತ್ರವನ್ನು ಯಂತ್ರಕ್ಕೆ ಉಣಿಸಿದ. ಯಂತ್ರ ರೋಗಿಯ ಹೆಸರು ಕೇಳಿತು. ಗುಡ್ಡ ಎಂದು ಬರೆದ. ವಯಸ್ಸು ಕೇಳಿತು. ಎರಡು ಕೋಟಿ ಎಂದು ಬರೆದರೆ ಒಪ್ಪಲಿಲ್ಲ, ನೂರಿಪ್ಪತ್ತಕ್ಕೆ ರಾಜಿಯಾಯಿತು. ಹೆಣ್ಣೋ ಗಂಡೋ ಎಂಬಲ್ಲಿ ಸ್ವಲ್ಪ ಹೊತ್ತು ಯೋಚಿಸಿ, ಎಷ್ಟು ಬೈದರೂ ಸುಮ್ಮನಿರುವುದರಿಂದ ಗಂಡು ಎಂದು ಒತ್ತಿದ. ನೀಲಿಛಾಯೆಯ ಫಿಲ್ಮ್ ಹೊರಬಂತು. ಇಂಥ ರೋಗಿ ಯಾರೆಂದು ನಾಳೆ ಯಾರಾದರೂ ವಿಚಾರಿಸಿಯಾರೆಂಬ ಭಯದಿಂದ ಆ ದಾಖಲೆಯನ್ನು ತಕ್ಷಣ ಅಳಿಸಿಹಾಕಿದ.

ದೀಪದ ಪೆಟ್ಟಿಗೆಯ ಮೇಲೆ ಗುಡ್ಡ ಬೆಳಗಿತು. ಬಣ್ಣ ಹೋಗಿ ಬೆಳಕೊಂದೇ ಉಳಿದು ಇನ್ನೂ ಚೆಂದವಾಗಿತ್ತು. ಅಷ್ಟರಲ್ಲಿ ರಕ್ತದೊತ್ತಡ ತೋರಿಸಲು ಬಂದಿದ್ದ ಕೀಲಿಮಾವ ಬಾಗಿಲಲ್ಲಿ ಹಾಜರು. ಗುಂಪಿನ ಚಿತ್ರ ಮೊಮ್ಮಗಳ ಕಂಪ್ಯೂಟರಿಗೆ ಬೇಕು, ಕ್ಯಾಮೆರಾದ ಕಾರ್ಡು ಕೊಡು, ಮಧ್ಯಾಹ್ನ ತಂದುಕೊಡುತ್ತೇನೆ ಎಂದರು. ಹೊರಗೆ ಹದಿನೆಂಟು ಜನ ಕಾಯುತ್ತಿದ್ದರು. ಉಸಿರಣ್ಣ ಕಾರ್ಡು ಕೊಟ್ಟು ಕೆಲಸಕ್ಕೆ ನಿಂತ.

ಇಲ್ಲಿ ಲಕೋಟೆಯಕ್ಕನ ವಿಷಯ ಹೇಳಬೇಕು. ಎಕ್ಸ್‌ರೇ ವಿಭಾಗದ ಗುಮಾಸ್ತೆ, ಬಹಳ ಶಿಸ್ತಿನ ಹೆಂಗಸು. ದೀಪದ ಪೆಟ್ಟಿಗೆಯ ಮೇಲೆ ಫಿಲ್ಮ್ ಕಂಡರೆ ಅದರ ಮೂಲೆಯ ಅಕ್ಷರಗಳ ಮೇಲೆಯೇ ಹೆಸರು, ವಯಸ್ಸಿನ ಚೀಟಿ ಅಂಟಿಸಿ, ಕಂದು ಲಕೋಟೆಗೆ ಹಾಕಿ, ಕೈಗಿತ್ತು ಕಳಿಸಿದ ಮೇಲೆಯೇ ಅವಳಿಗೆ ಸಮಾಧಾನ. ಒಳಗೇನಿದೆ ಎಂದು ನೋಡುವುದು ಡಾಕ್ಟರರ ಕೆಲಸ, ತನ್ನದಲ್ಲ ಎಂದು ಹದಿನೈದು ವರ್ಷದಿಂದ ನಂಬಿದವಳು. ಹನ್ನೊಂದಕ್ಕೆ ಉಸಿರಣ್ಣ ತಿರುಗಿ ನೋಡಿದರೆ ಪೆಟ್ಟಿಗೆ ಖಾಲಿ. ಎದೆಯ ಎಕ್ಸ್‌ರೇಗೆ ಬಂದಿದ್ದ ಅಜ್ಜಿಯೊಬ್ಬಳಿಗೆ ಕಾದು ಕಾದು ಸಾಕಾಗಿತ್ತೆಂದು, ಅಲ್ಲಿದ್ದ ಫಿಲ್ಮ್ ಅವಳದೇ ಎಂದುಕೊಂಡು ಲಕೋಟೆಯಕ್ಕ ಕೊಟ್ಟು ಕಳಿಸಿದ್ದಳು. ಅಜ್ಜಿಯ ನಿಜವಾದ ಫಿಲ್ಮ್ ಯಂತ್ರದ ಬಾಯಲ್ಲೇ ಇತ್ತು.

ಮೂಲ ಚಿತ್ರ ಕಾರ್ಡಿನಲ್ಲಿದೆಯಲ್ಲ ಎಂದು ಉಸಿರಣ್ಣ ಕೀಲಿಮಾವನಿಗೆ ಫೋನ್ ಮಾಡಿದ. ಮಾವ ಬಹಳ ಖುಷಿಯಲ್ಲಿದ್ದರು. ಗುಂಪಿನ ಚಿತ್ರ ಅದ್ಭುತವಾಗಿ ಬಂದಿದೆ ಎಂದು ಹೊಗಳಿ, ಕೊನೆಗೆ ದನಿ ತಗ್ಗಿಸಿದರು. "ಒಂದು ಮಾತ್ರ ಖಾಲಿ ಬಂದಿತ್ತು ಮಗಾ, ಯಾರೂ ಇರಲಿಲ್ಲ ಅದರಲ್ಲಿ. ಬೇಜಾರು ಮಾಡ್ಕೋಬೇಡ, ನಾನೇ ಅಳಿಸಿಬಿಟ್ಟೆ. ನಿನ್ನ ತಪ್ಪು ಯಾರಿಗೂ ಗೊತ್ತಾಗಲ್ಲ."

ಉಸಿರಣ್ಣನ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಗುಡ್ಡವೀಗ ಲೋಕದಲ್ಲಿ ಒಂದೇ ಕಡೆ ಇತ್ತು, ಅಜ್ಜಿಯ ಲಕೋಟೆಯಲ್ಲಿ. ರೌಂಡ್ಸಿಗೆ ಬಂದ ಡಾಕ್ಟರಮ್ಮನಿಗೆ ಮೂರಕ್ಕೆ ಖಂಡಿತ ತರುತ್ತೇನೆಂದು ಮಾತು ಕೊಟ್ಟ. ಅಜ್ಜಿಯ ಫಿಲ್ಮ್ ನೋಡಿ ಅವರು ಎದೆ ಸ್ವಚ್ಛವಾಗಿದೆ ಎಂದು ವರದಿ ಬರೆದುಕೊಟ್ಟರು. ಊಟದ ಬಿಡುವಿನಲ್ಲಿ ಎರಡನ್ನೂ ಹಿಡಿದು ವಿಳಾಸ ಹುಡುಕಿಕೊಂಡು ಓಡಿದ.

ಅಜ್ಜಿಯ ಮನೆ ಒಂದು ಓಣಿಯ ಕೊನೆಯಲ್ಲಿತ್ತು. ಬಾಗಿಲಲ್ಲಿ ಚಪ್ಪಲಿಗಳ ರಾಶಿ ಕಂಡು, ಅಜ್ಜಿ ಹೋಗಿಯೇಬಿಟ್ಟಳೇನೋ ಎಂದುಕೊಂಡು ತಾನೂ ಚಪ್ಪಲಿ ಕಳಚಿಟ್ಟ. ಒಳಗೆ ಹೋದರೆ ಅಳುವಿನ ಸದ್ದಿಲ್ಲ. ಕಿಟಕಿಯ ಗಾಜಿಗೆ ಫಿಲ್ಮ್ ಅಂಟಿಸಿದ್ದರು. ಹಿಂದಿನಿಂದ ಬಿಸಿಲು ಬಿದ್ದು ಗುಡ್ಡ ಜಗಜಗಿಸುತ್ತಿತ್ತು. ಓಣಿಯ ಹತ್ತು ಹದಿನೈದು ಮಂದಿ ಅದರ ಮುಂದೆ ನಿಂತಿದ್ದರು. ಬಡಗಿಯೊಬ್ಬ ಕಿವಿಯಲ್ಲಿದ್ದ ಪೆನ್ಸಿಲ್ ತೆಗೆದು ಒಂದೊಂದನ್ನೇ ತೋರಿಸುತ್ತಿದ್ದ. ನಡುವಿನ ಬಿಳಿಗೆರೆ ಬೆನ್ನುಮೂಳೆ. ಕೆಳಗೆ ಪದರ ಪದರವಾಗಿ ತೇಲುತ್ತಿರುವುದು ಉಸಿರು. ಎಡಗಡೆ ಹೊಳೆಯುತ್ತಿದೆಯಲ್ಲ, ಅದು ಹೃದಯ.

ಉಸಿರಣ್ಣನನ್ನು ಕಂಡು ಅಜ್ಜಿ ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡಳು. ಮೂರು ತಿಂಗಳಿಂದ ಕೆಮ್ಮು, ಒಳಗೆ ಏನೇನು ಕೊಳೆತಿದೆಯೋ ಎಂದು ನಿದ್ದೆ ಬಿಟ್ಟಿದ್ದಳಂತೆ. ಲಕೋಟೆ ತೆರೆಯಲೂ ಧೈರ್ಯವಿಲ್ಲದೆ ಬಡಗಿಯನ್ನು ಕರೆಸಿದ್ದಳಂತೆ.

"ಎಪ್ಪತ್ತು ವರ್ಷ ಆಯ್ತಪ್ಪಾ ಈ ದೇಹ ಹೊತ್ಕೊಂಡು. ನನ್ನೊಳಗೆ ಇಷ್ಟು ಚೆಂದ ಇದೆ ಅಂತ ಯಾರೂ ಹೇಳಿರಲಿಲ್ಲ. ನೀನು ತೋರಿಸಿದೆ" ಎಂದಳು.

ಉಸಿರಣ್ಣ ಸತ್ಯವಂತ. ಅಜ್ಜಿ, ಅದು ನಮ್ಮೂರ ಗುಡ್ಡ, ಬೆಳಿಗ್ಗೆ ನಾನೇ ತೆಗೆದದ್ದು ಎಂದು ಬಿಡಿಸಿ ಹೇಳಿದ. ಗುಡ್ಡ ಅಜ್ಜಿಯ ಹೆಸರಿಟ್ಟುಕೊಂಡು ಆಸ್ಪತ್ರೆಗೆ ಬಂದಿತ್ತೇ ಎಂದು ಬಡಗಿ ಚೀಟಿ ತೋರಿಸಿ ನಕ್ಕ. ಉಸಿರಣ್ಣ ನಿಜವಾದ ಫಿಲ್ಮ್ ಹೊರತೆಗೆದು ಬೆಳಕಿಗೆ ಹಿಡಿದ. ಅಜ್ಜಿ ಆ ಎಲುಬಿನ ಗೂಡನ್ನು ನೋಡಿ ಲೊಚಗುಟ್ಟಿದಳು.

"ಅಯ್ಯೋ ಪಾಪ, ಯಾರ ಮನೇದೋ ಇದು. ಮೊದಲು ಅವರಿಗೆ ತಲುಪಿಸು ಮಾರಾಯಾ."

ಜನ ಮತ್ತೆ ಕಿಟಕಿಯ ಕಡೆ ತಿರುಗಿದ್ದರು. ಆ ಬೆಳಕು ಎಷ್ಟು ಮೆತ್ತಗಿದೆ ಎಂದು ಒಬ್ಬಾಕೆ, ಉಸಿರು ಹೇಗೆ ಮೇಲೇಳುತ್ತಿದೆ ಎಂದು ಇನ್ನೊಬ್ಬರು, ನೋಡುತ್ತಿದ್ದರೆ ತನಗೇ ಉಸಿರಾಟ ಸಲೀಸಾಗುತ್ತದೆ ಎಂದು ಒಬ್ಬ ಮುದುಕ. ಉಸಿರಣ್ಣನ ನಾಲ್ಕು ಸಾವಿರ ಚಿತ್ರಗಳಲ್ಲಿ ಒಂದರ ಮುಂದೆಯೂ ಯಾರೂ ಅರ್ಧ ನಿಮಿಷ ನಿಂತವರಲ್ಲ. ಇಲ್ಲಿ ಹದಿನೈದು ಜನ ಊಟ ಬಿಟ್ಟು ನಿಂತಿದ್ದರು, ಅವನು ಕಂಡದ್ದನ್ನೆಲ್ಲ ಅವರೂ ಕಂಡಿದ್ದರು. ಹೆಸರು ತಪ್ಪಿದ್ದರೆ ತಪ್ಪಿರಲಿ. ಮೂರು ಗಂಟೆಗೆ ಚೌಕಟ್ಟು ಕಾಯುತ್ತದೆಂಬುದು ಅವನಿಗೆ ಮರೆತಿರಲಿಲ್ಲ. ಆದರೂ ಅಜ್ಜಿಯ ಕಿಟಕಿಯಿಂದ ಅದನ್ನು ಕೀಳಲು ಕೈ ಬರಲಿಲ್ಲ. ಅವನಿಗೆ ಜನ್ಮದಲ್ಲಿ ಅಷ್ಟು ಕೃತಜ್ಞತೆ ಯಾರ ಮೇಲೂ ಉಕ್ಕಿರಲಿಲ್ಲ. ಡಾಕ್ಟರಮ್ಮನ ವರದಿಯನ್ನು ಅಜ್ಜಿಗೆ ಎರಡು ಸಲ ಓದಿ ಹೇಳಿದ. ನಿಜವಾದ ಫಿಲ್ಮನ್ನು ಲಕೋಟೆಗೆ ಹಾಕಿ, ಡಾಕ್ಟರಲ್ಲಿಗೆ ಹೋಗುವಾಗ ಇದನ್ನು ತಪ್ಪದೆ ತರಬೇಕೆಂದು ಬಡಗಿಯ ಕೈಗೆ ಕೊಟ್ಟು, ಅಜ್ಜಿ ಕೊಟ್ಟ ಒಂದು ಲೋಟ ನೀರು ಕುಡಿದು ಬರಿಗೈಯಲ್ಲಿ ಹೊರಟ.

ಮೂರು ಗಂಟೆಗೆ ಚೌಕಟ್ಟಿನಲ್ಲಿ ಮೂತ್ರಪಿಂಡ ಏರಿತು. ಚಿತ್ರ ಸಿಗಲಿಲ್ಲ ಮೇಡಂ ಎಂದಷ್ಟೇ ಉಸಿರಣ್ಣ ಹೇಳಿದ. ಮುಖದಲ್ಲಿ ದುಃಖವಿಲ್ಲದ್ದು ಕಂಡು ಡಾಕ್ಟರಮ್ಮನಿಗೆ ಆಶ್ಚರ್ಯವಾಯಿತು. ಇನ್ನೂ ಏನೋ ಕೇಳುವಷ್ಟರಲ್ಲಿ ಹೊರಗೆ ಗದ್ದಲ. ಅಜ್ಜಿಯ ಓಣಿಯ ಓಣಿಯೇ ಹೊಸ ಹಜಾರದಲ್ಲಿ ಸಾಲು ನಿಂತಿತ್ತು, ಮೂವತ್ತಕ್ಕೆ ಕಡಿಮೆಯಿಲ್ಲ. ಎಲ್ಲರಿಗೂ ಎದೆಯ ಪರೀಕ್ಷೆಯಾಗಬೇಕು, ಉಸಿರಣ್ಣನೇ ತೆಗೆಯಬೇಕು, ಅಜ್ಜಿಗೆ ತೆಗೆದಂಥದ್ದೇ ಬೇಕು.

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ಹತ್ತು ವರ್ಷದಿಂದ ಮನೆಮನೆಗೆ ಹೋಗಿ ಕರೆದರೂ ಅಜ್ಜಿಯೊಬ್ಬಳನ್ನು ಬಿಟ್ಟರೆ ಆ ಓಣಿಯಿಂದ ಎದೆ ತೋರಿಸಲು ಒಬ್ಬರೂ ಬಂದಿರಲಿಲ್ಲ. "ಏನು ಮಾಡಿದ್ರೋ ಗೊತ್ತಿಲ್ಲ, ದೊಡ್ಡ ಉಪಕಾರ ಮಾಡಿದ್ರಿ. ನಾನು ಒಬ್ಬೊಬ್ಬರನ್ನೇ ನೋಡ್ತೀನಿ, ಬೇಕಾದವರಿಗೆ ನೀವು ತೆಗೀರಿ. ಇವತ್ತಿಗೆ ಮುಗಿಯಲ್ಲ ಇದು. ಇನ್ನು ಆರು ತಿಂಗಳು ಪ್ರತಿ ಭಾನುವಾರ ಬೆಳಿಗ್ಗೆ ಆರಕ್ಕೆ ಶಿಬಿರ ಇಡೋಣ. ನಿಮ್ಮ ಹೆಸರಲ್ಲೇ ಬೋರ್ಡು ಹಾಕಿಸ್ತೀನಿ."

ಉಸಿರಣ್ಣ ತನ್ನ ಭಾನುವಾರಗಳನ್ನೂ ಬೆಟ್ಟಗಳನ್ನೂ ಒಮ್ಮೆ ನೆನೆದು, ಆಗಲಿ ಎಂದ. ಡಾಕ್ಟರಮ್ಮನ ಚೀಟಿ ಹಿಡಿದು ಮೊದಲು ಒಳಬಂದವನು ಬಡಗಿ. ನಾಲ್ಕು ವಾರದಿಂದ ಮರದ ಪುಡಿಯ ಕೆಮ್ಮಿತ್ತು. ಅಂಗಿ ಕಳಚಿ, ಯಂತ್ರಕ್ಕೆ ಎದೆಯೊತ್ತಿ ನಿಂತು, ಯಾರಿಗೂ ಕೇಳದ ಹಾಗೆ ಮೆಲ್ಲಗೆ ಹೇಳಿದ.

"ಅಣ್ಣಾ, ನನ್ನದರಲ್ಲಿ ಒಂದು ಕೆರೆ ಬರೋ ಹಾಗೆ ನೋಡಿ."