ಎಣ್ಣೆ ಕೋಣೆಯ ನಾಲ್ಕು ದೂರು

ಮೈಗೆ ಎಣ್ಣೆ ತಿಕ್ಕಿಸಿಕೊಳ್ಳುವವರು ಮಾಡಬೇಕಾದ್ದು ಒಂದೇ ಕೆಲಸ, ಸುಮ್ಮನೆ ಮಲಗುವುದು. ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡುವ ಹೆಂಗಸರೇ ಹುಡುಕಿಕೊಂಡು ನನ್ನ ಹತ್ತಿರ ಬರುತ್ತಿದ್ದರು.

ಎರಡು ಸಾವಿರದ ಇಸವಿಯ ನಂತರ ಮೂಡಿಗೆರೆ ಕಡೆಯ ಎಸ್ಟೇಟ್ ಬಂಗಲೆಗಳು ಒಂದೊಂದಾಗಿ ಹೋಂಸ್ಟೇ ಆದವು. ನಮ್ಮ ಎಸ್ಟೇಟ್ ಮಾಲೀಕರ ಹೆಂಡತಿ, ನಾವೆಲ್ಲ ಅಮ್ಮಾವ್ರು ಅನ್ನುವವರು, ಹಿಂದಿನ ಕೋಣೆಗೆ ಮರದ ಮಂಚ ಹಾಕಿಸಿ ಮಸಾಜ್ ಶುರು ಮಾಡಿದರು. ಹತ್ತನೇ ಕ್ಲಾಸ್ ಮುಗಿಸಿ ಆಯುರ್ವೇದದವರ ಹತ್ತಿರ ಕೆಲಸ ಕಲಿತವಳು ನಾನೊಬ್ಬಳೇ ಇದ್ದೆ. ಆ ಕೋಣೆಯ ಕಿಟಕಿಯಿಂದ ಅಂಗನವಾಡಿಯ ಅಂಗಳ ಕಾಣುತ್ತಿತ್ತು. ಅಲ್ಲಿ ನನ್ನ ಮೂರು ವರ್ಷದ ಮಗಳು ಆಡುತ್ತಿದ್ದಳು. ತೋಟದ ಕೆಲಸಕ್ಕೆ ಹೋದರೆ ಬೆಳಿಗ್ಗೆ ಬಿಟ್ಟ ಮಗುವಿನ ಮುಖ ಸಂಜೆಯೇ ನೋಡಬೇಕು. ಹಾಗಾಗಿ ಆ ಕೋಣೆ ನನ್ನ ಕೈತಪ್ಪಬಾರದಿತ್ತು. ಬಂದವರೆಲ್ಲ ಅದನ್ನು ತಪ್ಪಿಸಲೆಂದೇ ಬಂದ ಹಾಗಿದ್ದರು.

ಕಡುಬು

ಮಸಾಜಿಗೆ ಹೊಟ್ಟೆ ತುಂಬ ತಿಂದು ಬರಬಾರದು. ಇದನ್ನು ಹಿಂದಿನ ದಿನವೇ ಹೇಳಿರುತ್ತೇನೆ, ಬೆಳಿಗ್ಗೆ ಮತ್ತೆ ಕೇಳುತ್ತೇನೆ. ಒಬ್ಬ ಮೇಡಂಗೂ ಹಾಗೇ ಕೇಳಿದೆ.

"ತಿಂಡಿ ಆಯ್ತಾ ಮೇಡಂ?"

"ಇಲ್ಲಮ್ಮ, ಬರೀ ಕಾಫಿ."

ಬೋರಲು ಮಲಗಿಸಿ ಸೊಂಟದ ಮೇಲೆ ಒಂದೇ ಸಲ ಒತ್ತಿದೆ. ಒಂದು ತೇಗು ಬಂತು. ಕೋಣೆಯೆಲ್ಲ ಕೋಳಿಸಾರಿನ ವಾಸನೆ.

"ಮೇಡಂ, ಕಡುಬು ಎಷ್ಟಾಯ್ತು?"

"ಅಯ್ಯೋ, ಅದೇನು ಬರೀ ಅಕ್ಕಿದು ತಾನೆ?" ಅಂದವರು ಬಾಯಿ ಮುಚ್ಚಿಕೊಂಡು ಹೊರಗೆ ಓಡಿದರು. ಆಮೇಲೆ ಅಮ್ಮಾವ್ರಿಗೆ ದೂರು: "ನಿಮ್ಮವಳ ಎಣ್ಣೆ ಕೆಟ್ಟಿದೆ, ಹೊಟ್ಟೆ ತೊಳಸ್ತು."

ನಾನು ಸೀದಾ ಅಡುಗೆಮನೆಗೆ ಹೋಗಿ ಕೇಳಿದೆ. ಅಡುಗೆಯವಳು ಖಾಲಿ ಪಾತ್ರೆ ತೋರಿಸಿದಳು. "ಹನ್ನೆರಡು ತಿಂದ್ರು ಮಾರಾಯ್ತಿ. ನಿಂಗೆ ಅಂತ ಇಟ್ಟಿದ್ದನ್ನೂ ಬಿಡ್ಲಿಲ್ಲ."

ಆ ದಿನ ಬರೀ ಕಾಫಿ ಕುಡಿದು ಕೋಣೆಗೆ ಬಂದವಳು ಒಬ್ಬಳಿದ್ದಳು ನಿಜ. ಅದು ನಾನು.

ಸಿಗ್ನಲ್

ಆಗ ನಮ್ಮ ಇಡೀ ಎಸ್ಟೇಟಿನಲ್ಲಿ ಮೊಬೈಲ್ ಸಿಗ್ನಲ್ ಸಿಗುತ್ತಿದ್ದದ್ದು ಒಂದೇ ಕಡೆ, ನನ್ನ ಕೋಣೆಯ ಕಿಟಕಿಯ ಮೇಲಿನ ಮೂಲೆಯಲ್ಲಿ. ಇದು ಗೊತ್ತಾದ ಒಬ್ಬ ಮೇಡಂ ಮಂಚ ಬಿಟ್ಟು ಇಳಿದರು. ಟವೆಲ್ ಸುತ್ತಿಕೊಂಡು, ತುದಿಗಾಲಲ್ಲಿ ನಿಂತು, ಫೋನ್ ಹಿಡಿದು ಕಿಟಕಿಯ ಸರಳಿಗೆ ಕಿವಿ ಹಚ್ಚಿದರು.

"ನಿನ್ನ ಕೆಲಸ ನೀನು ಮಾಡಮ್ಮ. ಕಾಲು ಇಲ್ಲೇ ಇದೆಯಲ್ಲ!"

ಎತ್ತಿಗೆ ಲಾಳ ಕಟ್ಟುವವಳ ಹಾಗೆ ಕೆಳಗೆ ಕೂತು ಮೀನಖಂಡ ತಿಕ್ಕಿದೆ. ಮೇಲೆ ಅವರು ತಂಗಿಗೆ ಹೇಳುತ್ತಿದ್ದರು, "ಹೂಂ ಕಣೇ, ಮೂರು ದಿನ ಫುಲ್ ರೆಸ್ಟು. ಯಾರ ಜೊತೆಗೂ ಮಾತೇ ಆಡ್ತಿಲ್ಲ."

ಪಾದ ಹಿಡಿಯಲು ಕಾಲನ್ನು ಒಂದು ಬೆರಳಷ್ಟು ಎತ್ತಿದೆ. ಫೋನ್ ಕಟ್ಟಾಯಿತು. ಎರಡನೇ ದೂರು.

"ಸ್ವಲ್ಪ ನೋಡ್ಕೊಂಡು ಮಾಡ್ಬಾರ್ದೇನೇ?" ಅಂದರು ಅಮ್ಮಾವ್ರು.

"ಏನು ನೋಡ್ಲಿ ಅಮ್ಮ? ನನ್ನ ಕಣ್ಣಿಗೆ ಕಾಲು ಕಾಣುತ್ತೆ, ಸಿಗ್ನಲ್ ಕಾಣಲ್ಲ."

ಪಾರ್ಚ್‌ಮೆಂಟ್

ಮಸಾಜ್ ಆದಮೇಲೆ ಅರ್ಧ ಗಂಟೆ ಮಲಗಬೇಕು, ಬಿಸಿನೀರು ಹಾಕಿಕೊಳ್ಳಬೇಕು, ಗಾಳಿಗೆ ಹೋಗಬಾರದು. ಇಷ್ಟೂ ಹೇಳಿ ನಾನು ನೀರು ಕಾಯಿಸಲು ಹೋದರೆ, ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಎಣ್ಣೆ ಮೈಯಲ್ಲೇ ಕಣದಲ್ಲಿ ಫೋಟೋಗೆ ಮಲಗಿದ್ದಳು. ಎಲ್ಲಿ? ತೊಳೆದು ಒಣಗಲು ಹರಡಿದ್ದ ಕಾಫಿ ಬೀಜದ ಮೇಲೆ, ನಾವು ಪಾರ್ಚ್‌ಮೆಂಟ್ ಅನ್ನುತ್ತೇವಲ್ಲ, ಅದರ ಮೇಲೆ. ಎದ್ದಾಗ ಆಳೆತ್ತರದ ಎಳ್ಳುಂಡೆ.

"ನೀವು ಹೇಳ್ಲೇ ಇಲ್ಲ!" ಅಂತ ಅತ್ತಳು. ಮೂರನೇ ದೂರು.

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಓಡಿ ಬಂದ. ಪಾಪ, ಸಮಾಧಾನ ಮಾಡುತ್ತಾನೆ ಅಂದುಕೊಂಡೆ. ಅವಳನ್ನೊಂದು ಸುತ್ತು ನೋಡಿ ನನಗೆ ಹೇಳಿದ, "ಒಳಗೆ ಬಿಡಬೇಡ ಮಾರಾಯ್ತಿ. ಮೊದಲು ಮೈಮೇಲಿನ ಬೀಜ ಗುಡಿಸು. ಒಳ್ಳೇ ಮಾಲು ಅದು."

ಪಲ್ಪರ್

"ಇನ್ನೊಂದು ದೂರು ಬರ್ಲಿ, ಮಾರನೇ ದಿನದಿಂದ ನೀನು ತೋಟಕ್ಕೆ" ಅಂದಿದ್ದರು ಅಮ್ಮಾವ್ರು.

ಕೊಯ್ಲು ಮುಗಿದ ಮೇಲೆ ಹೊರನಾಡಿಗೆ ಹೋಗುವ ದಾರಿಯಲ್ಲಿ ಗಂಡ ಹೆಂಡತಿ ಬಂದು ಇಳಿದುಕೊಂಡರು. ಹೆಂಡತಿಗೆ ಎಂಟು ದಿನದಿಂದ ಕತ್ತು ಹಿಡಿದು ಎಡಕ್ಕೆ ತಿರುಗುತ್ತಿರಲಿಲ್ಲ. ಗಂಡ ಯಾವಾಗ ನೋಡಿದರೂ ಅವರ ಎಡಕ್ಕೇ ಇರುತ್ತಿದ್ದರು. ಎಷ್ಟು ಪ್ರೀತಿ ಅಂದುಕೊಂಡೆ.

ಮೇಡಂ ಮಲಗಿದರು. ನಾನು ಎಣ್ಣೆ ಬಟ್ಟಲು ಎತ್ತುವುದರೊಳಗೆ ಗೊರಕೆ. ಅದೆಂಥ ಗೊರಕೆ! ಕಿಟಕಿಯ ಗಾಜು ಅದುರಿತು. ಒಂದು ಗಂಟೆ ಕತ್ತು, ಭುಜ, ಬೆನ್ನು ತಿಕ್ಕಿದೆ. ನಡುವೆ ಒಂದು ಸಲ ಉಸಿರು ಬಿಗಿಹಿಡಿದು ಅವರನ್ನು ಮಗ್ಗುಲು ತಿರುಗಿಸಿದೆ. ನನ್ನ ಸೊಂಟ ಹೋಯಿತೇ ಹೊರತು ಅವರಿಗೆ ಎಚ್ಚರವಾಗಲಿಲ್ಲ. ಕೊನೆಗೆ ಎದ್ದು, ಗಡಿಯಾರ ನೋಡಿ, ಸೀದಾ ಜಗಲಿಗೆ ಹೋದರು.

"ಈ ಹುಡುಗಿ ನನ್ನ ಮೈ ಮುಟ್ಟಲೇ ಇಲ್ಲ. ಸುಮ್ನೆ ಮಲಗಿಸಿ ಒಂದು ಗಂಟೆ ಕಳೆದಿದಾಳೆ!"

ಕೈಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು ನನಗೆ. ಅಮ್ಮಾವ್ರು ನನ್ನನ್ನು ನೋಡಿದರು. ನಾನು ಅಂಗನವಾಡಿ ಕಡೆ ನೋಡಿದೆ.

ಅಷ್ಟರಲ್ಲಿ ರೈಟರ್ ಏದುಸಿರು ಬಿಡುತ್ತ ಬಂದ. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮೆಷಿನ್ನಿನ ಮನೆ ನನ್ನ ಕೋಣೆಗೆ ಹತ್ತಿರವೇ.

"ಅಮ್ಮಾವ್ರೆ, ಪಲ್ಪರ್ ಮನೆ ಬೀಗದ ಕೈ ನನ್ನ ಜೇಬಲ್ಲೇ ಇದೆ, ಆದ್ರೆ ಪಲ್ಪರ್ ಓಡ್ತಿತ್ತು! ಅರ್ಧ ಗಂಟೆ ಓಡ್ತು, ಒಂಚೂರು ನಿಲ್ತು, ಮತ್ತೆ ಅರ್ಧ ಗಂಟೆ. ಹೋಗಿ ನೋಡಿದ್ರೆ ಹಾಕಿದ ಬೀಗ ಹಾಕಿದ ಹಾಗೇ ಇದೆ."

ಎಡಗಡೆ ಕೂತಿದ್ದ ಗಂಡ ಕಾಫಿ ಲೋಟ ಕೆಳಗಿಟ್ಟರು. "ಹೆದರಬೇಡಿ. ಇಪ್ಪತ್ತು ವರ್ಷದಿಂದ ಕೇಳ್ತಿದೀನಿ, ಅದು ನಮ್ಮನೆಯವಳದು. ಇಬ್ಬರು ಸೇರಿ ಮಗ್ಗುಲು ತಿರುಗಿಸಿದ್ರೆ ಮಾತ್ರ ಒಂಚೂರು ನಿಲ್ಲೋದು. ನನ್ನೊಬ್ಬನ ಕೈಲಿ ಒಂದು ದಿನವೂ ತಿರುಗಿಸೋಕಾಗಿಲ್ಲ. ಈ ಹುಡುಗಿ ತಿರುಗಿಸಿದಾಳೆ ಅಂದ್ರೆ, ಅವಳು ಕೆಲಸ ಮಾಡಿದಾಳೆ ಅಮ್ಮ."

"ಏನಂದ್ರೀ?" ಮೇಡಂ ಸರಕ್ಕನೆ ಅವರ ಕಡೆ ತಿರುಗಿದರು.

ಎಡಕ್ಕೆ. ಪೂರ್ತಿ.

ಮೇಡಂ ತಾವೇ ಕತ್ತು ಮುಟ್ಟಿ ನೋಡಿಕೊಂಡರು. ಅಮ್ಮಾವ್ರು ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಹೋಗೇ, ಮಂಚ ಒರೆಸಿಡು, ನಾಳೆಗೂ ಗೆಸ್ಟ್ ಇದಾರೆ" ಅಂದರು.

ಹೊರಟವಳಿಗೆ ಬೆನ್ನ ಹಿಂದೆ ಆ ಗಂಡನ ಕ್ಷೀಣ ದನಿ ಕೇಳಿಸಿತು:

"ಎಂಟು ದಿನದಿಂದ ಈ ಕಡೆ ನೆಮ್ಮದಿಯಾಗಿ ಕೂತಿದ್ದೆ. ಎಂಥ ಕೆಲಸ ಮಾಡ್ಬಿಟ್ಟೆ ತಾಯಿ!"