ಸಕ್ಕರೆ ಕೂಡಿಸಲು ಹೋದವನ ಬರ್ಫು

ಕೆಲಸ ಕೆಡುವ ಕಾಲಕ್ಕೇ ನಗುವ ಪ್ರಸಂಗಗಳೂ ಬೆನ್ನು ಹತ್ತುತ್ತವೆ. ಎಂಬತ್ತರ ದಶಕದ ಕೊನೆಗೆ ಗದಗಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ನನಗೆ ಅದು ಪಿಎಚ್‌ಡಿಯ ಕೊನೆಯ ವರ್ಷ. ಎರಡು ಬಗೆಯ ಸಕ್ಕರೆಗಳನ್ನು ಬೇಕಾದ ಮಗ್ಗುಲಿಗೇ ಜೋಡಿಸಬೇಕಿತ್ತು. ತಮ್ಮಷ್ಟಕ್ಕೆ ಬಿಟ್ಟರೆ ಅವು ಹೆಂಗೆಂದರೆ ಹಂಗೆ ಕೂಡುತ್ತವೆ. ನಡುವೆ ಅಮೈನೋ ಆಮ್ಲದ ಕೊಂಡಿ ಹಾಕಿ, ಜೋಡಿಯಾದ ಮೇಲೆ ಕೊಂಡಿ ಬಿಚ್ಚುವುದು ನನ್ನ ಉಪಾಯ.

೧. ಅವ್ವನ ಡಬ್ಬಿ

ಪಿಎಚ್‌ಡಿ ಆಗುವ ತನಕ ಮದುವೆ ಬೇಡ ಎಂದಿದ್ದೆ. ಹೀಗಾಗಿ ಅವ್ವನಿಗೆ ಆ ಸಕ್ಕರೆಯ ಮೇಲೇ ಸಿಟ್ಟು.

“ಸಕ್ಕರಿಗೆ ಸಕ್ಕರಿ ಅಂಟಸಾಕ ಇಷ್ಟ ವರ್ಷ ಬೇಕೇನೋ? ಮಳಿಗಾಲದಾಗ ನನ್ನ ಡಬ್ಬ್ಯಾಗ ತಾನ ಗಂಟ ಕಟ್ಟತೈತಿ. ನಾ ಏನ್ ಓದೇನಿ?”

೨. ನಡುವಿನವ

ಧಾರವಾಡದ ನನ್ನ ಗೈಡ್ ನಾನು ಒಯ್ದ ಪಾಕವನ್ನು ಪರೀಕ್ಷಿಸಿ ಕನ್ನಡಕ ತೆಗೆದರು.

“ಕನ್ಯಾ-ವರ ಒಬ್ಬರನ್ನೊಬ್ಬರು ಮಾತಾಡ್ಸೇ ಇಲ್ರಿ. ಇಬ್ಬರೂ ನಡುವಿನ ಹಿರ್ಯಾನ, ನಿಮ್ಮ ಅಮೈನೋ ಆಮ್ಲದ, ಕೈ ಹಿಡಕೊಂಡು ಕುಂತಾರ. ಥಂಡಿಯಾಗ ಒಮ್ಮೆ ಮಾಡಿ ನೋಡ್ರಿ. ಇದ ಕಡೀದು.”

ನನಗೆ ಅಳುವೇ ಬಂತು. ಅವರು ಚಹಾ ತರಿಸಿ ಕೇಳಿದರು: “ಸಕ್ಕರಿ ನಡೀತೈತೇನ್ರಿ, ಇಲ್ಲಾ ಬ್ಯಾಸರಾಗೇತೋ?”

೩. ಚಾಚಾನ ಬರ್ಫು

ಕಾಲೇಜಿನಲ್ಲಿ ತಂಪು ಮಾಡುವ ಯಂತ್ರವಿರಲಿಲ್ಲ. ಮಂಜುಗಡ್ಡೆ ತರಲು ಬೆಟಗೇರಿಯ ಬರ್ಫಿನ ಕಾರ್ಖಾನೆಗೆ ಸೈಕಲ್ ತುಳಿದೆ. ನಮ್ಮ ಕಡೆ ಗಡ್ಡೆಗಟ್ಟಲೆ ಬರ್ಫು ಒಯ್ಯುವುದು ಮದುವೆಯ ಶರಬತ್ತಿಗೆ, ಇಲ್ಲವೇ ದೂರದ ಮಕ್ಕಳು ಬರುವ ತನಕ ಹೆಣ ಕೆಡದಿರಲೆಂದು. ನನ್ನ ಮುಖ ನೋಡಿದವರಾರೂ ಮದುವೆ ಎನ್ನುವಂತಿರಲಿಲ್ಲ.

ಕಾರ್ಖಾನೆಯ ಚಾಚಾ ಎದ್ದು ನಿಂತರು. “ಯಾರ ಹೋದ್ರಿ ಸರ?”

“ಯಾರೂ ಇಲ್ರಿ. ಕಾಲೇಜಿಗೆ ಬೇಕಾಗಿತ್ತು.”

ಕಾಲೇಜಿನ ಹಿರಿಯರೇ ತೀರಿಹೋದರೆಂದುಕೊಂಡು ಚಾಚಾ ಮನೆಯವರನ್ನು ಮಾತಾಡಿಸಿ ಸಂತೈಸಿ ಬರಲು ಪ್ರಿನ್ಸಿಪಾಲರ ಮನೆಗೆ ಹೋದರಂತೆ. ಬಾಗಿಲು ತೆಗೆದವರು ಪ್ರಿನ್ಸಿಪಾಲರು.

ವಾರವಿಡೀ ಬರ್ಫು ಹೊತ್ತೆ. ಸಕ್ಕರೆ ಕೂಡಲಿಲ್ಲ. ಪಿಎಚ್‌ಡಿ ಅಲ್ಲಿಗೇ ಮುಗಿಯಿತು. ಆದರೂ ಆ ಪಾಕ ಚೆಲ್ಲಲು ಮನಸ್ಸಾಗದೆ, ತಂಪಿನಲ್ಲಿಡೋಣವೆಂದು ಮತ್ತೆ ಬೆಟಗೇರಿಗೆ ಹೋದೆ.

“ಇವತ್ತರ ಖರೆ ಹೇಳ್ರಿ ಸರ. ಯಾರ ಹೋದ್ರು?”

“ನನ್ನ ಪ್ರಯೋಗ ಸತ್ತಹೋತು ಚಾಚಾ. ಆರು ವರ್ಷದ್ದು.”

ಚಾಚಾ ನಗಲಿಲ್ಲ. ಟೊಪ್ಪಿಗೆ ಸರಿಮಾಡಿಕೊಂಡು ಕೇಳಿದರು: “ದೂರದಿಂದ ಬರೋರು ಯಾರರ ಅದಾರೇನ್ರಿ?”

“ಯಾರೂ ಇಲ್ಲ.”

“ಹಂಗಾರ ಬರ್ಫ ಯಾಕ್ರಿ? ಜಲ್ದಿ ಮಣ್ಣ ಮಾಡ್ರಿ, ಜಳಕಾ ಮಾಡಿ ಉಣ್ರಿ.”