ಮಾವನ ನೋಟ್‌ಬುಕ್ಕಿನಲ್ಲಿ ಇಲ್ಲದ್ದು

ನನ್ನ ಸೋದರಮಾವ ಜನ್ಮದಲ್ಲಿ ಒಂದೇ ಒಂದು ಸುಳ್ಳು ಹೇಳಿದವರಲ್ಲ. ಹಾಗಂತ ಮಹಾ ಸತ್ಯವಂತರು ಅಂದುಕೊಳ್ಳಬೇಡಿ! ಸುಳ್ಳನ್ನು ಥಟ್ಟನೆ ಹೇಳಬೇಕಾಗುತ್ತದೆ. ಮಾವನಿಗೋ, ಬರೆದುಕೊಳ್ಳದೆ ‘ಹೂಂ’ ಅನ್ನುವುದಕ್ಕೂ ಬರುತ್ತಿರಲಿಲ್ಲ.

ಒಮ್ಮೆ ಗುಂಡ್ಲುಪೇಟೆಯ ಎಸ್‌ಟಿಡಿ ಬೂತಿನಿಂದ ಚಾಮರಾಜನಗರದಲ್ಲಿದ್ದ ನಮ್ಮವ್ವನಿಗೆ ಫೋನು ಮಾಡಿದರು. ಕೈಯಲ್ಲಿ ಚೀಟಿ. ಮೊದಲ ಸಾಲು, ‘ಅಕ್ಕ, ಚೆಂದಾಗಿದ್ದೀಯಾ?’ ಅವ್ವ ಅಂದಳು: “ಎಂಟು ದಿನದಿಂದ ಜ್ವರ ಕಣೋ, ಎದ್ದೇಳಕ್ಕೇ ಆಯ್ತಿಲ್ಲ.” ಮಾವ ಎರಡನೇ ಸಾಲು ಓದಿದರು: “ಬಾಳ ಸಂತೋಷ. ಯಾವಾಗ್ಲೂ ಅಂಗೇ ಇರು!”

ಅವ್ವ ಎರಡು ತಿಂಗಳು ತಮ್ಮನ ಜೊತೆ ಮಾತು ಬಿಟ್ಟಳು.

ಇದಕ್ಕೆಲ್ಲ ಮೂಲ ನಾಟಕ. ವಯಸ್ಸಿನಲ್ಲಿ ಮಾವ ತೆರಕಣಾಂಬಿಯಲ್ಲಿ ಬಣ್ಣ ಹಚ್ಚಿದ್ದರಂತೆ. ರಂಗದ ಮೇಲೆ ಬಂದು ನಿಂತವರಿಗೆ ಮಾತು ಮರೆತು, ಊರಿಗೆ ಊರೇ ನಕ್ಕಿತಂತೆ. ಅಂದಿನಿಂದ ಅವರು ಪರದೆಯ ಹಿಂದೆ ಸರಿದು, ಪುಸ್ತಕ ಹಿಡಿದು, ಬೇರೆಯವರಿಗೆ ಮಾತು ಎತ್ತಿಕೊಡುವವರಾದರು. ಸುತ್ತಲ ಊರಲ್ಲಿ ನಾಟಕವಾದರೆ ಮಾವನಿಗೆ ಕರೆ ಬರುತ್ತಿತ್ತು. ಮನೆಯಲ್ಲಿ ಮಾತ್ರ ಅವರಿಗೆ ಎತ್ತಿಕೊಡುವವರು ಯಾರೂ ಇರಲಿಲ್ಲ.

“ನನ್ನ ನೋಡಕ್ಕೆ ಬಂದಾಗ್ಲೂ ಅಂಗೈಲಿ ಬರ್ಕಂಡ್ ಬಂದಿದ್ರು ಕಣಪ್ಪ” ಎಂದು ನಮ್ಮತ್ತೆ ನಗುತ್ತಿದ್ದಳು. “ಬೆವರಿಗೆ ಎಲ್ಲಾ ಅಳ್ಸೋಯ್ತು. ಕಾಫಿ ಕುಡುದ್ಬುಟ್ಟು ಸುಮ್ಕೆ ಎದ್ದೋದ್ರು. ಇಪ್ಪತ್ತಾರು ವರ್ಸ ಆಯ್ತು. ಬರ್ಕೊಳ್ದೆ ಒಂದು ಮಾತು, ಒಂದೇ ಒಂದು, ನನ್ನ ಕೂಡೆ ಆಡ್ಬುಡ್ಲಿ. ಸಾಕು ನಂಗೆ.” ಕೊನೆಯ ಮಾತಿಗೆ ಬರುವಷ್ಟರಲ್ಲಿ ಅವಳ ನಗು ನಿಂತಿರುತ್ತಿತ್ತು.

ಇಂಥವರ ಕೈಗೆ ನಾನೊಂದು ಆಟ ಕೊಟ್ಟೆ! ಮೊಬೈಲು ಇನ್ನೂ ಎಲ್ಲರ ಜೇಬಿಗೆ ಇಳಿಯದ ಕಾಲ. ಮೈಸೂರಿನ ಹಾಸ್ಟೆಲಿನಲ್ಲಿ ಕಲಿತು, ಗುಂಡ್ಲುಪೇಟೆಯ ಮಾವನ ಮನೆಗೆ ಹೊತ್ತು ತಂದ ಆಟ ಅದು. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಕಥೆಯೊಳಗಿನ ವೀರರು. ‘ಈಗೇನು ಮಾಡುತ್ತೀರಿ?’ ಎಂದು ಅವನು ಕೇಳಬೇಕು, ಇವರು ತೋಚಿದ್ದು ಹೇಳಬೇಕು. ಆಗುತ್ತೋ ಇಲ್ಲವೋ ಅನ್ನುವುದನ್ನು ದಾಳ ತೀರ್ಮಾನಿಸುತ್ತದೆ. ದಾಳ ಎಲ್ಲಿಂದ ತರೋಣ? ಅತ್ತೆಯ ಚೌಕಾಬಾರದ ಹುಣಸೆಬೀಜಗಳೇ ಆದವು. ಮಾವ ತಲೆಯ ಮೇಲೆ ಹೊಡೆದಂತೆ ಹೇಳಿದರು: “ಕಥೆ ನಾನು ನಡುಸ್ತೀನಿ.”

ಮುಂದಿನ ಭಾನುವಾರದ ಹೊತ್ತಿಗೆ ಇನ್ನೂರು ಪುಟದ ನೋಟ್‌ಬುಕ್ಕು ತುಂಬಿತ್ತು. ಕೋಟೆ, ಕಾಡು, ಕೊನೆಗೊಬ್ಬ ರಾಕ್ಷಸ. ಅದೇನೋ ಸರಿ. ಆದರೆ ನಾವು ಆಡಬೇಕಾದ ಮಾತನ್ನೂ ಅವರೇ ಬರೆದುಬಿಟ್ಟಿದ್ದರು!

ಆಡುವವರು ನಾನು ಮತ್ತು ನನ್ನ ಗೆಳೆಯ, ಟೈಲರ್ ಸಾದಿಕ್. ಸಾದಿಕ್ ಮೊದಲ ಗಳಿಗೆಯಲ್ಲೇ ಅಂದ: “ಸಾ, ನಾನು ಎಡಗಡೆ ದಾರೀಲಿ ಓಯ್ತೀನಿ.”

“ಎಡಗಡೆ ದಾರಿ ಇಲ್ಲ ಕಣ್ಲಾ.”

“ಯಾಕಿಲ್ಲ?”

“ಬರ್ದಿಲ್ಲ!”

ಹೋಗಲಿ ಅಂತ ಬಲಕ್ಕೆ ಹೋದೆವು. ಕೋಟೆಯ ಬಾಗಿಲಲ್ಲಿ ಕಾವಲುಗಾರ. ನೋಟ್‌ಬುಕ್ಕಿನ ಪ್ರಕಾರ ಸಾದಿಕ್ ಕತ್ತಿ ಹಿರಿಯಬೇಕು. ಅವನು ಬುದ್ಧಿವಂತ. “ಅಣ್ಣ, ನಿನ್ನ ಅಂಗಿ ಬಾಳ ಲೂಸಾಯ್ತು. ಬಿಚ್ಚಿಕೊಡು, ಪುಕ್ಕಟೆ ಇಡುದ್ಕೊಡ್ತೀನಿ. ಎದೆ ಅಳತೆ ಎಷ್ಟು?” ಅಂದ. ಮಾವ ಮುಂದಿನ ಪುಟ, ಹಿಂದಿನ ಪುಟ, ಕೊನೆಯ ರಟ್ಟು ಎಲ್ಲ ತಿರುವಿದರು. ಹಣೆ ಒರೆಸಿಕೊಂಡು ಘೋಷಿಸಿದರು: “ಎದೆ ಅಳತೇನ ಮುಂದಿನ ಭಾನುವಾರ ಯೋಳ್ತೀನಿ!”

ಹೇಳಿದರು ಕೂಡ! ಮುಂದಿನ ವಾರ ಕೋಟೆಯ ನಲವತ್ತು ಕಾವಲುಗಾರರ ಎದೆ, ತೋಳು, ಕಾಲರಿನ ಅಳತೆ ಪಟ್ಟಿ ಮಾಡಿ ತಂದಿದ್ದರು. ಸಾದಿಕ್ ತಣ್ಣಗೆ, “ಇವತ್ತು ಗೋಡೆ ಆರ್ತೀನಿ ಸಾ” ಅಂದ. ಗೋಡೆಯ ಎತ್ತರ? ಅದೂ ಮುಂದಿನ ಭಾನುವಾರ! ಹೀಗೆ ಮೂರು ನೋಟ್‌ಬುಕ್ಕು ಮುಗಿದರೂ ರಾಕ್ಷಸ ನಮ್ಮ ಕಣ್ಣಿಗೆ ಬೀಳಲಿಲ್ಲ.

ಒಂದು ಭಾನುವಾರ ಸಾದಿಕ್ ನೆಂಟರ ಮದುವೆಗೆಂದು ಚಾಮರಾಜನಗರಕ್ಕೆ ಹೋಗಿದ್ದ. ಒಬ್ಬನೇ ಏನು ಆಡಲಿ? ಅವರೆಕಾಯಿ ಬಿಡಿಸುತ್ತಿದ್ದ ಅತ್ತೆಯನ್ನೇ ಎಳೆದು ಕೂರಿಸಿದೆ. ಮಾವನಿಗೆ ಹಬ್ಬ! ಅತ್ತೆ ಎಡಕ್ಕೆ ಹೋಗುತ್ತೇನೆ ಅನ್ನಲಿಲ್ಲ, ಅಂಗಿಯ ಅಳತೆ ಕೇಳಲಿಲ್ಲ. ಬರೆದಿದ್ದ ದಾರಿಯಲ್ಲೇ ನಡೆದು ಮುಕ್ಕಾಲು ಗಂಟೆಯಲ್ಲಿ ರಾಕ್ಷಸನ ಗುಹೆಗೆ ಬಂದು ನಿಂತಳು.

ಮಾವ ಎದ್ದು ನಿಂತು ಅಬ್ಬರಿಸಿದರು: “ಎಲೈ ಹೆಣ್ಣೇ! ನರಮಾಂಸದ ವಾಸನೆಯಿಂದ ನನ್ನ ಜಠರಾಗ್ನಿ ಭುಗಿಲೆದ್ದಿದೆ! ಏನು ನಿನ್ನ ಕಡೆಯ ಆಸೆ?” ಆಮೇಲೆ ದನಿ ತಗ್ಗಿಸಿ ಎತ್ತಿಕೊಟ್ಟರು: “ಪ್ರಾಣಭಿಕ್ಷೆ ನೀಡು... ಅನ್ನು.”

ಅತ್ತೆ ಅನ್ನಲಿಲ್ಲ. ರಾಕ್ಷಸನನ್ನೇ ನೋಡಿ ಕೇಳಿದಳು: “ಅಲ್ಲಪ್ಪ, ಊಟ ಆಯ್ತಾ ನಿಂದು?”

ಮಾವ ಪುಟ ತಿರುವಿದರು. ಅಡುಗೆಮನೆಯಲ್ಲಿ ಕುಕ್ಕರು ಒಂದು ಸಲ ಕೂಗಿತು, ಎರಡು ಸಲ ಕೂಗಿತು. “ಮುಂದಿನ ಭಾನುವಾರ...” ಎಂದು ಬಾಯಿ ತೆಗೆದರು.

“ಭಾನುವಾರದ ಗಂಟ ಅಸ್ಕಂಡಿರ್ತಾನಾ?” ಅಂದಳು ಅತ್ತೆ.

ನನಗೆ ನಗು ಉಕ್ಕಿತು. ಆದರೆ ಮಾವನ ಮುಖ ನೋಡಿ ಸುಮ್ಮನಾದೆ. ತೆರಕಣಾಂಬಿಯ ರಂಗದ ಮೇಲೆ ನಿಂತವರ ಮುಖ ಅದೇ ಇರಬೇಕು. ನೋಟ್‌ಬುಕ್ಕು ಮುಚ್ಚಿ ಮೆಲ್ಲಗೆ ಕೂತರು. ದನಿ ಬಂದಾಗ ಅದು ರಾಕ್ಷಸನದಾಗಿರಲಿಲ್ಲ.

“ಇಲ್ಲ. ಯಾರೂ ಕೇಳ್ನಿಲ್ಲ. ಎಲ್ರೂ ಕತ್ತಿ ಇಡ್ಕಂಡೇ ಬಂದ್ರು.”

“ನೀನಾದ್ರೂ ಬಾಯ್ಬುಟ್ಟು ಕೇಳ್ಬೋದಿತ್ತಲ್ಲ?”

“ತಪ್ಪೋಯ್ತದೆ ಅಂತ ಭಯ.” ಮಾವ ತಮ್ಮ ಅಂಗೈ ನೋಡಿಕೊಂಡರು. “ಅವತ್ತು... ನೀನು ಕೊಟ್ಟ ಕಾಫೀಲಿ ಸಕ್ರೇನೇ ಇರ್ನಿಲ್ಲ. ಆದ್ರೂ ಚೆಂದಾಗದೆ ಅನ್ಬೇಕು ಅನ್ಕಂಡಿ. ಅನ್ನಕ್ಕಾಗ್ನಿಲ್ಲ.”

ಗುಹೆ, ಕೋಟೆ, ಕಾಡು ಎಲ್ಲ ಎಲ್ಲಿ ಹೋದವೋ! ಅತ್ತೆ ಕೈಯಲ್ಲಿದ್ದ ಹುಣಸೆಬೀಜಗಳನ್ನು ದಾಳದಂತೆ ಹಾಕಲೇ ಇಲ್ಲ. ಸೆರಗಿನಲ್ಲಿ ಮೂಗು ಒರೆಸಿಕೊಂಡು ಎದ್ದಳು. “ಕೂತಿರಿ. ಸಕ್ರೆ ಆಕಿ ತತ್ತೀನಿ” ಎಂದು ಒಳಗೆ ಹೋದಳು.

ಮಾವ ಅಭ್ಯಾಸಬಲದಿಂದ ಜೇಬಿನ ಪೆನ್ನು ತೆಗೆದರು, ಆಡಿದ ಮಾತನ್ನು ಬರೆದಿಟ್ಟುಕೊಳ್ಳುವುದಕ್ಕೆ. ಕ್ಯಾಪು ಬಿಚ್ಚಿ, ಅಡುಗೆಮನೆಯ ಕಡೆ ನೋಡಿದರು. ಆಮೇಲೆ ಕ್ಯಾಪು ಮುಚ್ಚಿ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು.